ತೆನೆ ಹಬ್ಬದ ದಿನ ಒಂದು ಹೆಚ್ಚಿನ ಎಲೆ

ಮಂಗಳೂರು ಎಂದರೆ ನಿಮಗೆ ಏನು ನೆನಪಾಗುತ್ತದೆ, ಸೋದರಿಯರೇ? ಸಮುದ್ರ, ಮೀನು, ಹಂಚು, ಬಿಡದೆ ಸುರಿಯುವ ಮಳೆ ಎನ್ನುವಿರಿ. ನನಗೂ ಮೊದಲು ಅಷ್ಟೇ ಗೊತ್ತಿತ್ತು. ಈಗ ಮಂಗಳೂರು ಅಂದರೆ ನನ್ನ ಕಣ್ಣಿಗೆ ಕಟ್ಟುವುದು ಒಂದು ಬಾಳೆಲೆ. ಅದೇಕೆಂದು ಹೇಳುತ್ತೇನೆ, ಕೇಳಿ.

ನಮ್ಮದು ಗದಗದ ಬೆಟಗೇರಿ. ಹಾಗೆ ನೋಡಿದರೆ ಮಂಗಳೂರು ನಮ್ಮ ಸಭೆಗೆ ತವರುಮನೆ ಇದ್ದಂತೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಮಿಶನ್ನಿನಿಂದ ಮೂವರು ಬಂದು 1834ರಲ್ಲಿ ಮೊದಲು ನೆಲೆ ನಿಂತದ್ದು ಅಲ್ಲಿ. ಅಲ್ಲಿಂದ 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ನಮ್ಮ ಬೆಟಗೇರಿಗೆ ಬಂದರು. 1865ರಲ್ಲಿ ಅವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ನಮ್ಮ ಹಿತ್ತಿಲ ಪಡಸಾಲೆಯ ಮ್ಯಾಲಿನ ಹಂಚಿನಲ್ಲಿ ಇವತ್ತಿಗೂ ಆ ಊರಿನ ಹೆಸರು ಅಚ್ಚೊತ್ತಿದೆ. ಆದರೆ ಹಂಚು ಬಂದ ಊರಿಗೆ ನಾನು ಹೋದದ್ದು 2022ರ ಸೆಪ್ಟೆಂಬರಿನಲ್ಲಿ, ಅದೂ ನಮ್ಮವರ ಎದೆಯ ಆಪರೇಶನ್ನಿಗಾಗಿ.

ರಾತ್ರಿ ಬಸ್ಸು ಹತ್ತಿ ಬೆಳಿಗ್ಗೆ ಇಳಿದಾಗ ಮಳೆಯೋ ಮಳೆ. ನಮ್ಮ ಸಭಾಪಾಲಕರು ಮೊದಲೇ ಫೋನು ಮಾಡಿದ್ದರಿಂದ ಅಲ್ಲಿನ ಸಭೆಯ ನಿವೃತ್ತ ಟೀಚರೊಬ್ಬರು ಎರಡು ಕೊಡೆ ಹಿಡಿದು ನಿಂತಿದ್ದರು. ಅವರ ಮನೆಯಲ್ಲಿ ಮಗಳ ಬಾಣಂತನ. ಆದ್ದರಿಂದ ನನ್ನ ವಸತಿಗೆ ಪಕ್ಕದ ಮನೆಯಲ್ಲಿ ಹೇಳಿಟ್ಟಿದ್ದರು. ಅದು ಕೊಂಕಣಿ ಮಾತಾಡುವ ಕಥೋಲಿಕರ ಮನೆ. ಓಣಿಯವರೆಲ್ಲ ಆ ಮನೆಯಾಕೆಯನ್ನು ಬಾಯಮ್ಮ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ನಾವು ಪ್ರೊಟೆಸ್ಟಂಟರು, ಅವರು ಕಥೋಲಿಕರು. ಭಾಷೆ ಬೇರೆ, ಪ್ರಾರ್ಥನೆಯ ಕ್ರಮ ಬೇರೆ. ನಮ್ಮ ಜೋಳದ ರೊಟ್ಟಿ ಅವರಿಗೆ ಗೊತ್ತಿಲ್ಲ, ಅವರ ಕುಚ್ಚಲಕ್ಕಿ ನನಗೆ ಒಗ್ಗುವುದಿಲ್ಲ. ಹೇಗಪ್ಪಾ ಇರುವುದು ಎಂದು ಬಾಗಿಲಲ್ಲೇ ಅಳುಕಿದೆ.

"ಎಂತ ಹೊರಗೆ ನಿಂತಿದ್ದೀರಿ ಮಾರಾಯ್ರೆ? ಬಿಸಿನೀರು ಕಾದುಂಟು, ಮೊದಲು ಸ್ನಾನ ಮಾಡಿ" ಎಂದರು ಬಾಯಮ್ಮ. ಯಾವ ಊರು, ಯಾವ ಸಭೆ, ಎಷ್ಟು ದಿನ ಇರುತ್ತೀರಿ ಎಂದು ಒಂದನ್ನೂ ಕೇಳಲಿಲ್ಲ.

ಸೆಪ್ಟೆಂಬರ್ 5ಕ್ಕೆ ಆಪರೇಶನ್ ಆಯಿತು. ಆ ದಿನ ಬಾಯಮ್ಮ ಆಸ್ಪತ್ರೆಯ ಬೆಂಚಿನ ಮೇಲೆ ಜಪಸರ ಹಿಡಿದು ನನ್ನ ಪಕ್ಕದಲ್ಲಿ ಆರು ತಾಸು ಕುಳಿತರು. "ಹೆದರಬೇಡಿ" ಎಂದು ಒಮ್ಮೆಯೂ ಹೇಳಲಿಲ್ಲ. ಸುಮ್ಮನೆ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಟ್ಟರು. ಬಾಯಿಮಾತಿಗಿಂತ ಅದೇ ನನಗೆ ಧೈರ್ಯ ಕೊಟ್ಟಿತು.

ಮರುದಿನ ಮಗ ಬಂದು ಆಸ್ಪತ್ರೆಯಲ್ಲಿ ಉಳಿದ. ಬಾಯಮ್ಮ ನನ್ನನ್ನು ಫರಂಗಿಪೇಟೆಗೆ ಕರೆದುಕೊಂಡು ಹೋದರು. ಮಂಗಳೂರಿನಿಂದ ಬಂಟ್ವಾಳದ ದಾರಿಯಲ್ಲಿ ಹತ್ತು ಹನ್ನೊಂದು ಕಿಲೋಮೀಟರು ಅಷ್ಟೇ. ಕೆಳಗೆ ಕೆಂಪು ನೀರಿನ ನೇತ್ರಾವತಿ ತುಂಬಿ ಹರಿಯುತ್ತಿತ್ತು, ಮೇಲೆ ಏರಿನಲ್ಲಿ ಮೊಂತೆ ಮರಿಯಾನೊ ಇಗರ್ಜಿ. 'ಮೊಂತೆ' ಎಂದರೆ ಬೆಟ್ಟ. ಗೋವೆಯ ಪಾದ್ರಿ ಜೊವಾಕಿಂ ಮಿರಾಂದರು 1763ರಲ್ಲಿ ಇಲ್ಲಿ ಮರಿಯಮ್ಮನವರ ಜನ್ಮದಿನದ ಹಬ್ಬ ಆರಂಭಿಸಿದರಂತೆ. ಅದೇ ಈಗ ಕರಾವಳಿಯಲ್ಲೆಲ್ಲ ಸೆಪ್ಟೆಂಬರ್ 8ಕ್ಕೆ ನಡೆಯುವ ಮೊಂತಿ ಫೆಸ್ತ್. ಹೊಸ ಭತ್ತದ ತೆನೆಯನ್ನು ಆಶೀರ್ವದಿಸಿ ಮನೆಗೆ ತರುವುದರಿಂದ ಕನ್ನಡದಲ್ಲಿ ತೆನೆ ಹಬ್ಬ.

ಬಸ್ಸಿನಲ್ಲಿ ಬಾಯಮ್ಮ ಇನ್ನೊಂದು ಸಂಗತಿ ಹೇಳಿದರು. 1784ರಲ್ಲಿ ಟಿಪ್ಪು ಸುಲ್ತಾನನ ಕಾಲದಲ್ಲಿ ಕೆನರಾದ ಕಥೋಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದರು. ದಾರಿಯಲ್ಲೂ ಸೆರೆಯಲ್ಲೂ ಎಷ್ಟೋ ಜನ ತೀರಿಕೊಂಡರು. ಉಳಿದವರಿಗೆ ಬಿಡುಗಡೆಯಾದದ್ದು 1799ರಲ್ಲಿ. "ನಮ್ಮ ಹಿರಿಯರು ವಾಪಸು ಬರುವಾಗ ಮನೆ ಇಲ್ಲ, ಗದ್ದೆ ಇಲ್ಲ. ಯಾರೋ ಜಗಲಿ ಕೊಟ್ಟರು, ಗಂಜಿ ಕೊಟ್ಟರು. ಇಲ್ಲದಿದ್ದರೆ ನಾವು ಎಲ್ಲಿ?" ಎಂದರು.

ಹಬ್ಬದ ದಿನ ನೀವು ನೋಡಬೇಕಿತ್ತು. ಒಂಬತ್ತು ದಿನದಿಂದ ಪುಟ್ಟ ಮಕ್ಕಳು ದಿನಾ ಹೂವು ಆಯ್ದು ತಂದು ಮರಿಯಮ್ಮನಿಗೆ ಅರ್ಪಿಸುತ್ತಿದ್ದರು. ಆ ಬೆಳಿಗ್ಗೆ ಗೊರಟೆ, ದಾಸವಾಳ, ಡೇಲಿಯಾ ತುಂಬಿದ ಬುಟ್ಟಿಗಳು ಸಾಲಾಗಿ ಬಂದವು. ಗುರುಗಳು ತೆನೆಗಳನ್ನು ಆಶೀರ್ವದಿಸಿದರು. ಮನೆಗೊಂದಿಷ್ಟು ತೆನೆ, ಮಕ್ಕಳ ಕೈಗೊಂದು ಕಬ್ಬು. ಅವರ ಪರಮಪ್ರಸಾದದ ಸಾಲಿನಲ್ಲಿ ನಾವು ನಿಲ್ಲುವಂತಿಲ್ಲ, ಹಾಗಾಗಿ ನಾನು ಹಿಂದಿನ ಬೆಂಚಿನಲ್ಲೇ ಕುಳಿತೆ. ಎಲ್ಲರೂ ಎದ್ದು ಹೋದಾಗ, ಸುಳ್ಳೇಕೆ ಹೇಳಲಿ, ಒಬ್ಬಂಟಿ ಅನ್ನಿಸಿತು.

ಮನೆಯಲ್ಲಿ ನಡೆಯುವ ಹೊಸ ಅಕ್ಕಿ ಊಟಕ್ಕೆ ಕೊಂಕಣಿಯಲ್ಲಿ 'ನೊವೆಂ' ಅನ್ನುತ್ತಾರೆ. ಅದು ಮನೆಮಂದಿ ಕೂಡಿ ಉಣ್ಣುವ ಊಟ. ದೂರದ ಊರಿನಲ್ಲಿರುವ ಮಕ್ಕಳಿಗೆ ತೆನೆಯ ಕಾಳನ್ನು ಅಂಚೆಯಲ್ಲಿ ಕಳಿಸುವ ಪದ್ಧತಿಯೂ ಉಂಟು. ಇದು ತಿಳಿದದ್ದರಿಂದ ನಾನು ಕೋಣೆ ಬಿಟ್ಟು ಹೊರಗೆ ಬರಲಿಲ್ಲ. ಬಾಯಮ್ಮ ಬಂದು ಕರೆದರು. "ಎಲೆ ಹಾಕಿ ಆಗಿದೆ. ನೀವು ಬಾರದೆ ಪ್ರಾರ್ಥನೆ ಶುರು ಮಾಡುವ ಹಾಗಿಲ್ಲ."

ಹೋಗಿ ನೋಡಿದರೆ ಎಲೆಗಳು ಆರು. ಮನೆಯವರು ಐವರು, ಆರನೆಯದು ನನ್ನದು. ಮೋಂಬತ್ತಿ ಹಚ್ಚಿ ಪ್ರಾರ್ಥಿಸಿದರು. ತೀರಿಕೊಂಡವರ ಹೆಸರಾಯಿತು, ಮಸ್ಕತ್ತಿನಲ್ಲಿದ್ದ ಮಗನ ಹೆಸರಾಯಿತು. ಆಮೇಲೆ ಕೊಂಕಣಿಯ ನಡುವೆ ನಮ್ಮವರ ಹೆಸರು ಕಿವಿಗೆ ಬಿತ್ತು. ನನ್ನ ಕಣ್ಣು ತುಂಬಿತು. ಹೊಸ ಭತ್ತದ ಕಾಳನ್ನು ಸುಲಿದು ಪುಡಿಮಾಡಿ ತೆಂಗಿನ ಹಾಲು ಬೆಲ್ಲದಲ್ಲಿ ಕಲಸಿದ್ದನ್ನು ಮನೆಯ ಹಿರಿಯರು ಎಲ್ಲರಿಗೂ ಒಂದೊಂದು ಚಮಚ ಕೊಟ್ಟರು. ಕಿರಿಯರು ಕೈ ಮುಗಿದು ಆಶೀರ್ವಾದ ಪಡೆದರು.

ಅಂದು ಮೀನು ಮಾಂಸ ಮನೆಯೊಳಗೆ ಬರುವುದಿಲ್ಲ. ಮೂರು, ಐದು, ಏಳು ಎಂದು ಬೆಸ ಸಂಖ್ಯೆಯಲ್ಲಿ ತರಕಾರಿ ಅಡಿಗೆ. ಕೆಸುವಿನ ದಂಟಿಗೆ ಅಂಬಟೆಕಾಯಿ ಹಾಕಿದ ಪದಾರ್ಥ, ಬೆಂಡೆ, ಹೀರೆ, ಹೆಸರುಕಾಳು, ಜೊತೆಗೆ 'ವೊರ್ನ್' ಎಂಬ ಪಾಯಸ. ಅದನ್ನು ನಾನು ಕಲಿತು ಬಂದಿದ್ದೇನೆ, ನೀವೂ ಮಾಡಿ ನೋಡಿ: ಒಂದು ಬಟ್ಟಲು ಕಡಲೆಬೇಳೆಯನ್ನು ಕರಗದಂತೆ ಮೆತ್ತಗೆ ಬೇಯಿಸಿ. ಒಂದು ತೆಂಗಿನಕಾಯಿ ತುರಿದು ಮೊದಲ ಗಟ್ಟಿ ಹಾಲು, ಎರಡನೆಯ ತೆಳು ಹಾಲು ಬೇರೆ ಬೇರೆ ಹಿಂಡಿಕೊಳ್ಳಿ. ತೆಳು ಹಾಲಿನಲ್ಲಿ ಬೇಳೆ, ಒಂದು ಬಟ್ಟಲು ಬೆಲ್ಲ ಹಾಕಿ ಕುದಿಸಿ. ಒಂದು ಚಮಚ ಅಕ್ಕಿಹಿಟ್ಟು ಕದಡಿ ಬಿಟ್ಟರೆ ಮಂದವಾಗುತ್ತದೆ. ಗಟ್ಟಿ ಹಾಲು ಹೊಯ್ದ ಮೇಲೆ ಕುದಿಸಬೇಡಿ, ಒಡೆದೀತು. ಇಳಿಸಿ ಚಿಟಿಕೆ ಉಪ್ಪು, ಏಲಕ್ಕಿ ಹಾಕಿ.

ಊಟವಾದ ಮೇಲೆ ಬಾಯಮ್ಮ ಚಿಕ್ಕ ಡಬ್ಬಿಯೊಂದನ್ನು ಕೈಗಿತ್ತರು. "ಅವರ ಪಾಲು" ಎಂದರು. ಆಸ್ಪತ್ರೆಯ ಸಿಸ್ಟರನ್ನು ಕೇಳಿ ಅರ್ಧ ಚಮಚ ಹೊಸ ಅಕ್ಕಿ ಬಾಯಿಗಿಟ್ಟೆ. ನಮ್ಮವರು "ಯಾರ ಮನೀದು?" ಎಂದು ಕೇಳಿದರು. "ನಮ್ಮ ಮನೀದಽರಿ" ಅಂದೆ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಏಕೆಂದು ನಿಮ್ಮ ಹತ್ತಿರ ಮುಚ್ಚಿಡುವುದಿಲ್ಲ. 2016ರ ಬೇಸಿಗೆಯಲ್ಲಿ ಒಬ್ಬ ಹೆಣ್ಣುಮಗಳು ಮಗುವನ್ನು ಎತ್ತಿಕೊಂಡು ನಮ್ಮ ಬಾಗಿಲಿಗೆ ಬಂದಿದ್ದಳು. ಬೇರೆ ಊರಿನ ಸಭೆಯವಳು. ಮಗುವಿಗೆ ಮೈ ಸರಿಯಿಲ್ಲ, ಬೆಳಿಗ್ಗೆ ದವಾಖಾನೆಗೆ ತೋರಿಸಬೇಕು, ಒಂದು ರಾತ್ರಿ ಇರಲೇ ಅಕ್ಕಾ ಎಂದು ಕೇಳಿದಳು. ನನಗೆ ಗುರುತಿಲ್ಲ, ಮನೆಯಲ್ಲಿ ನೀರಿನ ತಾಪತ್ರಯ ಬೇರೆ. "ಅನುಕೂಲ ಇಲ್ಲವ್ವಾ" ಎಂದುಬಿಟ್ಟೆ. ಅವಳು ಬೇಜಾರು ಮಾಡಿಕೊಳ್ಳದೆ ತಲೆಯಾಡಿಸಿ ಹೋದಳು. ಪ್ರತಿ ಭಾನುವಾರ ತಪ್ಪದೆ ದೇವಾಲಯಕ್ಕೆ ಹೋಗುವವಳು ನಾನು. ಅಬ್ರಹಾಮನು ಬಿಸಿಲಲ್ಲಿ ಬಂದ ಮೂವರನ್ನು ಉಪಚರಿಸಿದ ಕಥೆಯನ್ನು ಮಕ್ಕಳಿಗೆ ಹೇಳಿಕೊಟ್ಟವಳು.

ಹೊರಡುವ ದಿನ ದುಡ್ಡು ಕೊಡಹೋದರೆ ಬಾಯಮ್ಮ ಮುಟ್ಟಲಿಲ್ಲ. ನಾನು ಅಳುತ್ತ ಆ ಹೆಣ್ಣುಮಗಳ ಸಂಗತಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವಳು ಇನ್ನು ಬರಲಿಕ್ಕಿಲ್ಲ. ಬೇರೆಯವರು ಬರುತ್ತಾರೆ, ಬಾಗಿಲು ತೆಗೆಯಿರಿ" ಎಂದರು.

ನಮ್ಮ ಗದಗಕ್ಕೂ ಸುತ್ತಲಿನ ಹಳ್ಳಿಗಳಿಂದ ದವಾಖಾನೆಗೆಂದು ಬರುವವರು ಬಹಳ. ಪಡಸಾಲೆಯಲ್ಲಿ ಈಗ ಒಂದು ಮಂಚ, ಒಂದು ಕೌದಿ ಇಟ್ಟಿದ್ದೇನೆ. ಸಭಾಪಾಲಕರಿಗೂ ಹೇಳಿದ್ದೇನೆ. ಅನುಭವದಿಂದ ಒಂದೆರಡು ಮಾತು: ರೋಗಿಯ ಮನೆಯವರಿಗೆ ಹಬ್ಬದಡಿಗೆ ಬೇಡ. ಬಿಸಿನೀರು, ಒದ್ದೆ ಬಟ್ಟೆ ಒಣಹಾಕಲು ಒಂದು ಹಗ್ಗ, ಹೊತ್ತಿಗೆ ಸರಿಯಾಗಿ ಬುತ್ತಿ ಇದ್ದರೆ ಸಾಕು. ರೋಗದ ವಿಚಾರ ಕೆದಕಿ ಕೇಳಬೇಡಿ, ಅವರೇ ಹೇಳಿದರೆ ಕೇಳಿಸಿಕೊಳ್ಳಿ.

ನಮ್ಮವರು ಈಗ ಆರಾಮಾಗಿದ್ದಾರೆ. ಬಾಯಮ್ಮ ಕೊಟ್ಟ ಎರಡು ತೆನೆ ನಮ್ಮ ದೇವರ ವಾಕ್ಯದ ಪಟದ ಹಿಂದೆ ಸಿಕ್ಕಿಸಿವೆ. ಆ ತಾಯಿ ಮಗು ಆ ರಾತ್ರಿ ಎಲ್ಲಿ ಮಲಗಿದರೋ ನನಗೆ ತಿಳಿಯದು. ಸಂಜೆ ಯಾರಾದರೂ ಕದ ತಟ್ಟಿದರೆ, ಅಕಿನೇ ಏನೋ ಎಂದು ಇವತ್ತಿಗೂ ಓಡಿ ಹೋಗಿ ತೆಗೆಯುತ್ತೇನೆ.