ಮೇಲೆ ಹೋಗೋವಾಗ ದಾರಿ ತಪ್ಪಿದ್ರೆ… (ಗಾಲ್ಫ್ ಕನ್ನಡದಲ್ಲಿ, ಭಾಗ 4)

ಕಳೆದ ಮೂರು ಪೋಸ್ಟ್‌ಗೂ ಡಿಎಂನಲ್ಲಿ ಬಂದ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. "ಬಾಲ್ ಎಡಕ್ಕೆ ಹೊರಟು, ಬಿಲ್ಲಿನ ಥರ ಬಾಗಿ, ಬಲಗಡೆ ಮರಗಳೊಳಗೆ ಹೋಗಿ ಬೀಳುತ್ತೆ. ಏನ್ ಮಾಡ್ಲಿ?"

ಇದೇ ಸ್ಲೈಸ್. ಕ್ಲಬ್ ಹೊರಗಿನಿಂದ ಒಳಕ್ಕೆ ಕೊಯ್ದ ಹಾಗೆ ಬರುತ್ತೆ, ಅದರ ಮುಖ ಆ ದಾರಿಗಿಂತ ಬಲಕ್ಕೆ ತಿರುಗಿರುತ್ತೆ. ಅದಕ್ಕೇ ಬಾಲ್ ಬಾಗೋದು. (ನಾನು ಬರೆಯೋದೆಲ್ಲ ಬಲಗೈ ಆಟಗಾರರಿಗೆ. ಎಡಗೈಯವರು ಉಲ್ಟಾ ಓದ್ಕೊಳ್ಳಿ.)

ಇದಕ್ಕೆ ತುಂಬಾ ಜನ ಕಂಡ್ಕೊಂಡಿರೋ ಔಷಧಿ ಅಂದ್ರೆ ಇನ್ನೂ ಎಡಕ್ಕೆ ತಿರುಗಿ ನಿಂತ್ಕೊಳ್ಳೋದು. ನಮ್ಮ ಬಿಕಾಂ ಭಾಷೇಲಿ ಹೇಳೋದಾದ್ರೆ, ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗ್ಲಿಲ್ಲ ಅಂತ ವ್ಯತ್ಯಾಸಾನ ಸಸ್ಪೆನ್ಸ್ ಅಕೌಂಟ್‌ಗೆ ಹಾಕಿದ ಹಾಗೆ. ಲೆಕ್ಕ ಕೂಡಿದ ಹಾಗೆ ಕಾಣುತ್ತೆ, ತಪ್ಪು ಅಲ್ಲೇ ಕೂತಿರುತ್ತೆ. ಅದನ್ನ ಹುಡುಕ್ಬೇಕು ಅಂದ್ರೆ ಜರ್ನಲ್‌ಗೆ ವಾಪಸ್ ಹೋಗ್ಬೇಕು. ಗಾಲ್ಫ್‌ನಲ್ಲಿ ಆ ಜರ್ನಲ್ಲೇ ಬ್ಯಾಕ್‌ಸ್ವಿಂಗ್.

ಯಾಕೆ ಅಂದ್ರೆ ಟೈಮ್. ಒಳ್ಳೆ ಆಟಗಾರರ ಬ್ಯಾಕ್‌ಸ್ವಿಂಗ್‌ಗೆ ಸುಮಾರು ಮುಕ್ಕಾಲು ಸೆಕೆಂಡ್ ಬೇಕು, ಡೌನ್‌ಸ್ವಿಂಗ್‌ಗೆ ಕಾಲು ಸೆಕೆಂಡ್. ಆ ಕಾಲು ಸೆಕೆಂಡ್‌ನಲ್ಲಿ "ಸೊಂಟ ಮೊದಲು, ಭುಜ ಆಮೇಲೆ" ಅಂತ ಯೋಚನೆ ಮಾಡಿ ಸರಿಮಾಡ್ಕೊಳ್ಳೋಕೆ ಯಾರಿಂದಲೂ ಆಗಲ್ಲ. ಮೇಲೆ ಹೋಗೋವಾಗ ಮಾತ್ರ ನಮಗೆ ಸ್ವಲ್ಪ ಪುರುಸೊತ್ತು ಇರುತ್ತೆ.

ಈಗ ಒಂದೊಂದೇ ಸ್ವೈಪ್ ಮಾಡಿ.

ಫೋಟೋ 2: ಶುರುವಿನಲ್ಲೇ ಕ್ಲಬ್ಬನ್ನ ಒಳಕ್ಕೆ ಎಳ್ಕೊಳ್ಳೋದು. ಮಣಿಕಟ್ಟು ತಿರುಗಿಸಿ ಕ್ಲಬ್ಬನ್ನ ಬೆನ್ನ ಹಿಂದೆ ಕಳಿಸಿಬಿಟ್ರೆ, ವಾಪಸ್ ಬರೋಕೆ ಸುಲಭವಾಗಿ ಸಿಗೋದು ಹೊರಗಿನ ದಾರಿ. ಭುಜ ಮುಂದೆ ಬರುತ್ತೆ, ಸ್ಲೈಸ್ ರೆಡಿ. ಚೆಕ್ ಮಾಡೋದು ಹೀಗೆ: ಕ್ಲಬ್ಬಿನ ಕೋಲು ನೆಲಕ್ಕೆ ಸಮಾನಾಂತರ ಆದಾಗ ನಿಲ್ಲಿಸಿ. ಹಿಂದಿನಿಂದ ನೋಡಿದ್ರೆ ಕ್ಲಬ್ಬಿನ ತಲೆ ಕೈಗಳ ನೇರಕ್ಕೆ ಇರ್ಬೇಕು, ಕೈಗಳ ಹಿಂದೆ ಅಲ್ಲ.

ಫೋಟೋ 3: ತಿರುಗೋ ಬದಲು ಜಾರೋದು. ಸೊಂಟ ಬಲಕ್ಕೆ ಸರಿದು, ಭಾರ ಎಲ್ಲ ಬಲಪಾದದ ಹೊರ ಅಂಚಿಗೆ ಬೀಳುತ್ತೆ. ಅಲ್ಲಿಂದ ಟೈಮಿಗೆ ಸರಿಯಾಗಿ ಎಡಕ್ಕೆ ಬರೋದು ಕಷ್ಟ, ಬಾಲ್‌ಗಿಂತ ಮೊದಲೇ ಮಣ್ಣು ಏಳುತ್ತೆ. ಬಲಪಾದದ ಹೊರ ಅಂಚಿನ ಕೆಳಗೆ ಒಂದು ಬಾಲ್ ಇಟ್ಕೊಂಡು ನಿಧಾನಕ್ಕೆ ಸ್ವಿಂಗ್ ಮಾಡಿ. ಜಾರೋಕೆ ಅದೇ ಬಿಡಲ್ಲ.

ಫೋಟೋ 4: ಅತಿಯಾಗಿ ಮೇಲೆತ್ತೋದು. ಎಡ ಮೊಣಕೈ ಮಡಚಿ ಕ್ಲಬ್ ತಲೆ ಹಿಂದೆ ನೇತಾಡಿದ್ರೆ ದೂರ ಹೋಗುತ್ತೆ ಅನ್ಸುತ್ತೆ, ಹೋಗಲ್ಲ. ಮುಕ್ಕಾಲು ಸ್ವಿಂಗ್ ಸಾಕು. ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಪಡೆದ್ರು, ಪದಕ ತಪ್ಪಿದ್ದು ಒಂದೇ ಒಂದು ಹೊಡೆತದಲ್ಲಿ. ಅವರು ದೂರ ಹೊಡೆಯೋದಕ್ಕೆ ಹೆಸರಾದವರಲ್ಲ.

ಫೋಟೋ 5: ಡೌನ್‌ಸ್ವಿಂಗ್‌ನಲ್ಲಿ ಎದ್ದು ನಿಲ್ಲೋದು. ಸೊಂಟ ಬಾಲ್ ಕಡೆ ನುಗ್ಗಿ ಕೈಗೆ ಜಾಗ ಇಲ್ಲದ ಹಾಗಾಗುತ್ತೆ. ಮನೇಲಿ ಕುರ್ಚಿ ಸಾಕು: ಬೆನ್ನ ಹಿಂದೆ ಇಟ್ಟು, ಕುಂಡೆ ಅದಕ್ಕೆ ತಾಗಿಸಿ ನಿಂತ್ಕೊಳ್ಳಿ. ಮೇಲೆ ಹೋಗೋವಾಗ ಬಲಗಡೆ ತಾಗಿರ್ಬೇಕು, ಕೆಳಗೆ ಬರೋವಾಗ ಎಡಗಡೆ. ಕುರ್ಚಿ ಬಿಟ್ಟು ಮುಂದೆ ಬಂದ್ರೆ ತಪ್ಪು ಗೊತ್ತಾಗುತ್ತೆ. ಕ್ಲಬ್ ಬೇಡ, ಕೈಕಟ್ಟಿ ಮಾಡಿ. ಅಮ್ಮ ಬೈಯಲ್ಲ.

ಇನ್ನೊಂದ್ ಮಾತು. ಸ್ವಿಂಗ್ ನೋಡೋಕೆ ಚೆಂದ ಇರ್ಲೇಬೇಕು ಅಂತೇನಿಲ್ಲ. ಜಿಮ್ ಫ್ಯೂರಿಕ್ ಬ್ಯಾಕ್‌ಸ್ವಿಂಗ್ ನೋಡಿ, ಕ್ಲಬ್ ಮೇಲೆ ಹೋಗಿ ಸುತ್ತು ಹಾಕ್ಕೊಂಡು ಬರುತ್ತೆ, ಪುಸ್ತಕದಲ್ಲಿರೋದಕ್ಕೂ ಅದಕ್ಕೂ ಸಂಬಂಧಾನೇ ಇಲ್ಲ. ಆದ್ರೂ 2003ರಲ್ಲಿ ಯುಎಸ್ ಓಪನ್ ಗೆದ್ರು, 2016ರಲ್ಲಿ ಪಿಜಿಎ ಟೂರ್‌ನಲ್ಲಿ ಒಂದೇ ಸುತ್ತಲ್ಲಿ 58 ಹೊಡೆದ್ರು. ಅವರ ಕ್ಲಬ್ ಕೆಳಗೆ ಬರೋ ದಾರಿ ಪ್ರತಿ ಸಲ ಒಂದೇ. ಹಾಗಾಗಿ ಯಾರದ್ದೋ ರೀಲ್ ನೋಡಿ ಅವರ ಥರ ಕಾಣೋಕೆ ಹೋಗ್ಬೇಡಿ. ನಿಮ್ಮ ಬಾಲ್ ಎಲ್ಲಿಗೆ ಹೋಗ್ತಿದೆ, ಅದಕ್ಕೆ ಕಾರಣ ಎಲ್ಲಿದೆ, ಅಷ್ಟು ನೋಡಿ.

ಇದನ್ನ ನನಗೆ ಕಲಿಸಿದ್ದು ಅಪ್ಪ. ಅಪ್ಪ ಕ್ಯಾಡಿ. ಇಪ್ಪತ್ತೆರಡು ವರ್ಷದಿಂದ ಬೇರೆಯವರ ಬ್ಯಾಗ್ ಹೊತ್ತು, ಬೇರೆಯವರ ಸ್ವಿಂಗ್ ನೋಡಿದ್ದಾರೆ. "ಕೈ ಮೇಲೆ ಹೋಗೋವಾಗ್ಲೇ ಬಾಲ್ ಎಲ್ಲಿ ಹುಡುಕ್ಬೇಕು ಅಂತ ಗೊತ್ತಾಗುತ್ತೆ ಕಣಮ್ಮಾ" ಅಂತಾರೆ. ಆದ್ರೆ ಕೇಳದೇ ಹೇಳೋ ಹಾಗಿಲ್ಲ, ಕೇಳೋರು ಕಮ್ಮಿ. ಅವರ ಹತ್ರ ಕೋಚ್ ಸರ್ಟಿಫಿಕೇಟ್ ಇಲ್ಲ, ಇಂಗ್ಲಿಷ್ ಅಷ್ಟಕ್ಕಷ್ಟೇ. ಈ ವರ್ಷ ಮೊಣಕಾಲು ಕೈಕೊಡ್ತಿದೆ. ಇನ್ನೆಷ್ಟು ದಿನ ಹದಿನೆಂಟು ಹೋಲ್ ನಡೀತಾರೋ. ಅವರು ಕೋರ್ಸ್ ಬಿಟ್ಟ ದಿನ ಈ ವಿದ್ಯೆನೂ ಮನೇಲಿ ಕೂತ್ಬಿಡುತ್ತೆ. ಅದು ಆಗ್ಬಾರ್ದು ಅಂತಾನೇ ಈ ಸೀರೀಸ್, ಅದಕ್ಕೇ ಕನ್ನಡದಲ್ಲಿ. ರೇಂಜ್‌ನಲ್ಲಿ ಬಾಲ್ ಹೆಕ್ಕೋ ಹುಡುಗರು ಇದನ್ನ ಓದ್ತಾರೆ ಅಂತ ಗೊತ್ತಾಗಿ ತುಂಬಾ ಖುಷಿ ಆಯ್ತು.

ಈ ವಾರದ ಹೋಂವರ್ಕ್: ನಾಲ್ಕರಲ್ಲಿ ಒಂದೇ ತಪ್ಪು ಆರಿಸ್ಕೊಳ್ಳಿ. ಬಾಲ್ ಇಲ್ಲದೇ ಹತ್ತು ಸಲ ನಿಧಾನಕ್ಕೆ, ಆಮೇಲೆ ಹತ್ತು ಬಾಲ್. ಬಕೆಟ್ಟಿನ ದುಡ್ಡೂ ಉಳಿಯುತ್ತೆ. ಫೋನನ್ನ ನಿಮ್ಮ ಹಿಂದೆ, ಗುರಿಯ ನೇರಕ್ಕೆ, ಕೈ ಎತ್ತರದಲ್ಲಿಟ್ಟು ಸ್ಲೋ ಮೋಷನ್‌ನಲ್ಲಿ ತೆಗೀರಿ. ಸೆಕೆಂಡಿಗೆ 240 ಫ್ರೇಮ್ ಇದ್ರೆ ಆ ಕಾಲು ಸೆಕೆಂಡ್‌ನಲ್ಲೇ 60 ಫೋಟೋ ಸಿಗುತ್ತೆ. ಡಿಎಂ ಮಾಡಿ, ರಾತ್ರಿ ಊಟ ಆದ್ಮೇಲೆ ಅಪ್ಪನಿಗೆ ತೋರಿಸ್ತೀನಿ. ಫೀಸ್ ಇಲ್ಲ. ಬೈದ್ರೆ ಬೇಜಾರ್ ಮಾಡ್ಕೋಬೇಡಿ.

ಭಾಗ 5ರಲ್ಲಿ ಗ್ರಿಪ್. ಸೇವ್ ಮಾಡ್ಕೊಳ್ಳಿ.

#ಗಾಲ್ಫ್‌ಕನ್ನಡದಲ್ಲಿ #ಕ್ಯಾಡಿಅಪ್ಪ #ಸ್ಲೈಸ್‌ಗೆಮದ್ದು