ಮೂವತ್ತು ವರ್ಷ ಸುದ್ದಿ ಓದಿದವರು

ನಮ್ಮ ದಾದಿಗೆ ಟಿವಿ ಸುದ್ದಿ ಎಂದರೆ ಈಗಲೂ ಸಲ್ಮಾ ಸುಲ್ತಾನ್. ಕಿವಿಯ ಪಕ್ಕ ಒಂದು ಗುಲಾಬಿ, ಮೆಲುದನಿ, ಅವಸರವಿಲ್ಲದ ಮಾತು. 1967ರಿಂದ 1997ರವರೆಗೆ ಅವರು ದೂರದರ್ಶನದಲ್ಲಿ ಸುದ್ದಿ ಓದಿದರು. 1984ರ ಅಕ್ಟೋಬರ್ 31ರ ಸಂಜೆ ಇಂದಿರಾ ಗಾಂಧಿಯವರ ಹತ್ಯೆಯ ಸುದ್ದಿಯನ್ನು ದೂರದರ್ಶನದಲ್ಲಿ ಮೊದಲು ಹೇಳಿದವರೂ ಅವರೇ. ದಾದಿ ಆಗ ಬೆಂಗಳೂರಿನ ತವರುಮನೆಯಲ್ಲಿದ್ದರು. ಪಕ್ಕದ ಮನೆಯ ಟಿವಿ ಮುಂದೆ ಬೀದಿಯವರೆಲ್ಲ ಸೇರಿದ್ದರಂತೆ. "ಅವರಿಗೆ ಅಳು ಬರ್ತಿತ್ತು, ನಮಗೆ ಗೊತ್ತಾಗ್ತಿತ್ತು. ಆದರೂ ತಡೆದುಕೊಂಡು ಓದಿದರು. ಅತ್ತವರು ನಾವು" ಎಂದು ದಾದಿ ಉರ್ದುವಿನಲ್ಲಿ ಹೇಳುವಾಗ ಅವರ ದನಿಯೂ ಮೆಲ್ಲಗಾಗುತ್ತದೆ.

ನಾನು ದಾದಿಯ ಹತ್ತಿರ ಒಮ್ಮೆ ವಾದ ಮಾಡಿದೆ. ಗುಂಡು ಬಿದ್ದದ್ದು ಬೆಳಿಗ್ಗೆ, ದೂರದರ್ಶನ ಹೇಳಿದ್ದು ಸಂಜೆ. ಸರ್ಕಾರದ ಟಿವಿ ದಿನವಿಡೀ ಸುಮ್ಮನಿತ್ತಲ್ಲ, ಅದೇನು ದೊಡ್ಡ ಪತ್ರಿಕೋದ್ಯಮ ಎಂದೆ. ದಾದಿ, "ತಡವಾಗಿ ಹೇಳಿದರು, ಸುಳ್ಳು ಹೇಳಲಿಲ್ಲ" ಎಂದರು. ವಾದ ಮುಗಿಯಲಿಲ್ಲ, ಚಹಾ ಬಂತು.

ಭೋಪಾಲದಲ್ಲಿ ಓದಿದ, ಸಲ್ಮಾ ಎಂಬ ಹೆಸರಿನ ಒಬ್ಬರು ದೇಶಕ್ಕೆಲ್ಲ ಸುದ್ದಿ ಓದಿದ್ದರು ಎಂಬುದು ನನ್ನ ತಲೆಯಲ್ಲಿ ಚಿಕ್ಕಂದಿನಿಂದ ಕೂತಿದೆ. ಕಾಮರ್ಸ್ ಸೇರಿದ ಮೇಲೆ ಎಲ್ಲರ ಹಾಗೆ ನಾನೂ "ಸಿಎ ಮಾಡ್ತೀನಿ" ಅನ್ನುತ್ತೇನೆ. ಒಳಗಿನ ಆಸೆ ಬೇರೆ. ಅದಕ್ಕೇ ಕನ್ನಡ ಮೇಡಂ ಬೆಳಗಿನ ಪ್ರಾರ್ಥನೆಯಲ್ಲಿ ಸುದ್ದಿ ಓದಲು ಯಾರು ಬರುತ್ತೀರಿ ಎಂದಾಗ ಕೈ ಎತ್ತಿದೆ. ಮನೆಮಾತು ಉರ್ದುವಾದ್ದರಿಂದ ನನಗೆ ಳಕಾರದ ಕಾಟ. ಮೊದಲ ದಿನವೇ "ತುರುವೇಕೆರೆಯಲ್ಲಿ ಒಳ್ಳೆಯ ಮಳೆ" ಎನ್ನುವುದು "ಒಲ್ಲೆಯ ಮಲೆ" ಆಗಿ ಇಡೀ ಮೈದಾನ ನಕ್ಕಿತು. ಒಂದು ತಿಂಗಳು ಕನ್ನಡಿ ಮುಂದೆ ಕಾಳು, ಕೋಳಿ, ಹಳ್ಳಿ ಎಂದು ಹೇಳಿಕೊಂಡೆ.

ಈಗ ಕನ್ನಡದಲ್ಲಿ ಸುದ್ದಿಗೆ ಬರವಿಲ್ಲ. ಬೆಂಗಳೂರು ದೂರದರ್ಶನ ಶುರುವಾದದ್ದು 1981ರಲ್ಲಿ, ಉದಯ ಟಿವಿ 1994ರಲ್ಲಿ. ಎಚ್.ಆರ್. ರಂಗನಾಥ್ ಅವರಂತೆ ಪತ್ರಿಕೆಯಿಂದ ಟಿವಿಗೆ ಬಂದು 2012ರಲ್ಲಿ ಸ್ವಂತ ಚಾನೆಲ್ಲನ್ನೇ ಕಟ್ಟಿದವರೂ ಇದ್ದಾರೆ. ಇಪ್ಪತ್ನಾಲ್ಕು ಗಂಟೆಯೂ ಸುದ್ದಿ. ನಮ್ಮ ಮನೆಯಲ್ಲಿ ಮಾತ್ರ 2020ರ ಏಪ್ರಿಲ್‌ನಿಂದ ಸುದ್ದಿ ಹಾಕುವುದಿಲ್ಲ.

ಅಬ್ಬಾ ಟಾಟಾ ಏಸ್ ಇಟ್ಟುಕೊಂಡು ತೋಟಗಳಿಂದ ತೆಂಗಿನಕಾಯಿ ತುಂಬುತ್ತಾರೆ. ನಾನು ಆಗ ಆರನೇ ಕ್ಲಾಸು. ಲಾಕ್‌ಡೌನ್ ಇದ್ದರೂ ರೈತರ ಮಾಲಿಗೆ ಅನುಮತಿ ಇತ್ತು. ದೆಹಲಿಯ ತಬ್ಲೀಗಿ ಮರ್ಕಜ್ ವಿಷಯ ಟಿವಿಯಲ್ಲಿ ಹಗಲೂ ರಾತ್ರಿ ಬರುತ್ತಿತ್ತು. ರೋಗವನ್ನು ನಾವೇ ಬೇಕೆಂದು ಹಂಚುತ್ತಿದ್ದೇವೆ ಎನ್ನುವ ಹಾಗೆ ಕೆಂಪು ಅಕ್ಷರಗಳು ಓಡುತ್ತಿದ್ದವು. ಹದಿನೈದು ವರ್ಷ ಕಾಯಿ ತುಂಬಿದ ಒಂದು ಹಳ್ಳಿಯಿಂದ ಅಬ್ಬಾ ಖಾಲಿ ಗಾಡಿಯಲ್ಲಿ ವಾಪಸ್ ಬಂದರು. "ಸಾಬ್ರೇ, ನಿಮ್ಮ ಮೇಲೆ ನಮಗೇನಿಲ್ಲ, ಟಿವೀಲಿ ಹಂಗೆ ಹೇಳ್ತಾವ್ರೆ" ಎಂದರಂತೆ. ಚಿಕ್ಕನಾಯಕನಹಳ್ಳಿ ಕಡೆಯ ಒಬ್ಬ ರೈತರು ಮಾತ್ರ ಫೋನ್ ಮಾಡಿ, "ನೀವು ಬರಬೇಡಿ, ಯಾರಾದ್ರೂ ಏನಾದ್ರೂ ಅಂದಾರು, ನಾನೇ ಟ್ರಾಕ್ಟರಲ್ಲಿ ತಂದು ಹಾಕ್ತೀನಿ" ಎಂದು ಹೇಳಿ, ಹೇಳಿದಂತೆ ತಂದರು. ಆ ರಾತ್ರಿ ಅಬ್ಬಾ ರಿಮೋಟ್ ತೆಗೆದು ಕಪಾಟಿನ ಮೇಲಿಟ್ಟರು.

ಕಳೆದ ವರ್ಷ ಚರ್ಚಾಸ್ಪರ್ಧೆಗೆ ಓದುವಾಗ ನನಗೊಂದು ವಿಷಯ ಸಿಕ್ಕಿತು. ಆ ಸುದ್ದಿಗಳ ಬಗ್ಗೆ ಬೆಂಗಳೂರಿನ ಕೆಲವರು ದೂರು ಕೊಟ್ಟಿದ್ದರು. ಚಾನೆಲ್‌ಗಳೇ ಸೇರಿ ಮಾಡಿಕೊಂಡಿರುವ ಸುದ್ದಿ ಪ್ರಸಾರ ಮಾನದಂಡ ಪ್ರಾಧಿಕಾರವು 2021ರ ಜೂನ್‌ನಲ್ಲಿ ಎರಡು ಕನ್ನಡ ಚಾನೆಲ್‌ಗಳಿಗೆ ದಂಡ ಹಾಕಿತ್ತು, ಒಂದಕ್ಕೆ 1 ಲಕ್ಷ, ಇನ್ನೊಂದಕ್ಕೆ 50 ಸಾವಿರ ರೂಪಾಯಿ. ವಿಷಾದವನ್ನೂ ಪ್ರಸಾರ ಮಾಡಬೇಕೆಂದು ಹೇಳಿತ್ತು. ಓಡಿಹೋಗಿ ಅಬ್ಬಾಗೆ ತೋರಿಸಿದೆ. ಅವರು ನಿಧಾನವಾಗಿ ಓದಿ, "ಆ ಊರಿನವರು ಅದನ್ನ ನೋಡಿದರಾ ಬೇಟಿ?" ಎಂದು ಕೇಳಿದರು.

ನಮ್ಮ ಅಕೌಂಟೆನ್ಸಿಯಲ್ಲಿ ಗುಡ್‌ವಿಲ್ ಲೆಕ್ಕ ಇದೆ. ಸರಾಸರಿ ಲಾಭವನ್ನು ಇಷ್ಟು ವರ್ಷಕ್ಕೆ ಗುಣಿಸಿದರೆ ಉತ್ತರ ಬರುತ್ತದೆ. ಸಲ್ಮಾ ಸುಲ್ತಾನರ ಮೂವತ್ತು ವರ್ಷಕ್ಕೂ ಅಬ್ಬಾನ ಹದಿನೈದು ವರ್ಷಕ್ಕೂ ಆ ಲೆಕ್ಕ ಹೇಗೆ ಹಾಕುವುದೋ, ಮೇಷ್ಟ್ರನ್ನು ಕೇಳಿಲ್ಲ.

ಇದೆಲ್ಲ ಗೊತ್ತಿದ್ದೂ ನಾನೇ ತಪ್ಪು ಮಾಡಿದೆ. ಹೋದ ತಿಂಗಳು ಪ್ರಾರ್ಥನೆಯಲ್ಲಿ ವಿದ್ಯಾರ್ಥಿವೇತನದ ಅರ್ಜಿಗೆ ಕೊನೆಯ ದಿನ 15 ಎನ್ನುವುದನ್ನು 25 ಎಂದು ಓದಿಬಿಟ್ಟೆ. ನೋಟಿಸ್ ಬೋರ್ಡಿನಲ್ಲಿ ಸರಿಯಾಗಿಯೇ ಇದೆ, ಬಿಡು ಎಂದರು ಗೆಳತಿಯರು. ನಾನು ಮೇಡಂ ಹತ್ತಿರ ಕೇಳಿಕೊಂಡು ಅದೇ ಮೈಕಿನಲ್ಲಿ, ತಪ್ಪು ನನ್ನದು ಎಂದು ಸೇರಿಸಿ, ಮೂರು ದಿನ ಓದಿದೆ. ನಾಲ್ಕನೇ ದಿನ, ಅಂದರೆ 14ರಂದು, ಊಟದ ಹೊತ್ತಿನಲ್ಲಿ ಫಸ್ಟ್ ಪಿಯುಸಿಯ ಒಬ್ಬಳು ಸಿಕ್ಕಳು. ಜ್ವರವೆಂದು ಮೂರು ದಿನ ರಜೆಯಲ್ಲಿದ್ದಳಂತೆ. "ಆಪಾ, 25ರವರೆಗೆ ಟೈಮ್ ಇದೆಯಲ್ಲ?" ಎಂದಳು.

ಕಾಲೇಜು ಬಿಟ್ಟ ಮೇಲೆ ಅವಳನ್ನು ಕರೆದುಕೊಂಡು ಸೈಬರ್ ಸೆಂಟರ್‌ಗೆ ಹೋದೆ. ಅರ್ಜಿ ಸಲ್ಲಿಕೆಯಾಗುವಾಗ ಮಗ್ರಿಬ್‌ನ ಅಜಾನ್ ಕೇಳುತ್ತಿತ್ತು.