ಕೂಡಿ ಓದುವ ಸುಖ

ಓದೆಂಬುದು ಏಕಾಂತದ ಸುಖವೆಂಬ ಎಣಿಕೆ ನಮ್ಮಲ್ಲಿ ಬೇರೂರಿದುದು ಅಚ್ಚಿನ ಪುಸ್ತಕಗಳು ಮನೆಮನೆಯನ್ನು ಹೊಕ್ಕ ಮೇಲೆ. ಅದಕ್ಕೆ ಮುನ್ನ, ಮತ್ತು ಅನೇಕ ಊರುಗಳಲ್ಲಿ ಅದಾದ ಬಹುಕಾಲದವರೆಗೂ, ಕಾವ್ಯವೆಂದರೆ ಒಬ್ಬರು ರಾಗವಾಗಿ ಓದಿ, ಮತ್ತೊಬ್ಬರು ಅರ್ಥ ಹೇಳಿ, ಗುಡಿಯ ಪ್ರಾಕಾರದಲ್ಲೋ ಊರ ಚಾವಡಿಯಲ್ಲೋ ಎಲ್ಲರೂ ಕುಳಿತು ಕೇಳುವ ವಸ್ತುವಾಗಿತ್ತು. ಮಳೆ ತಡವಾದರೆ ವಿರಾಟಪರ್ವವನ್ನು ಓದಿಸುವ ರೂಢಿ ನಮ್ಮ ನಾಡಿನದು. ಅಕ್ಷರವನ್ನೇ ಕಲಿಯದ ಮುದುಕಿಯರು ಕುಮಾರವ್ಯಾಸನ ಪದ್ಯಗಳನ್ನು ತಡವರಿಸದೆ ಹೇಳುತ್ತಿದ್ದುದು ಈ ಶ್ರವಣದ ಬಲದಿಂದಲೇ. ಹೀಗೆ ಕೂಡಿ ಕುಳಿತು ಭಾರತವನ್ನು ಓದುವುದಕ್ಕಿಂತ ಪ್ರಿಯವಾದ ಹವ್ಯಾಸ ನನಗೆ ಬೇರೊಂದಿಲ್ಲ.

ಗದುಗಿನ ವೀರನಾರಾಯಣನ ಗುಡಿಯಲ್ಲಿ ಕಂಬವೊಂದರ ಬಳಿ ಕುಳಿತು, ಮಿಂದುಟ್ಟ ಒದ್ದೆಯ ಬಟ್ಟೆ ಆರುವವರೆಗೆ ಮಾತ್ರ ಕುಮಾರವ್ಯಾಸನು ತನ್ನ ಭಾರತವನ್ನು ನುಡಿಯುತ್ತಿದ್ದನೆಂಬ ಐತಿಹ್ಯವುಂಟು. ಐತಿಹ್ಯ ಹೇಗೇ ಇರಲಿ, ಹತ್ತು ಪರ್ವಗಳ, ಎಂಟು ಸಾವಿರಕ್ಕೂ ಮಿಕ್ಕಿದ ಷಟ್ಪದಿಗಳ ಆ ಮಹಾಕಾವ್ಯ ಕಣ್ಣಿಗಿಂತ ಕಿವಿಗೇ ಒಲಿಯುವಂಥದು. ಭಾಮಿನೀ ಷಟ್ಪದಿಯ ಒಂದು, ಎರಡು, ನಾಲ್ಕು, ಐದನೆಯ ಪಾದಗಳಲ್ಲಿ ಮೂರು ನಾಲ್ಕರ ನಡೆಯ 14 ಮಾತ್ರೆಗಳು; ಮೂರನೆಯ ಮತ್ತು ಆರನೆಯ ಪಾದಗಳು ಮಾತ್ರ 21 ಮಾತ್ರೆಗಳವರೆಗೆ ನೀಡಿಕೊಂಡು, ಕೊನೆಗೊಂದು ಗುರುವಿನ ಮೇಲೆ ಕಾಲೂರಿ ನಿಲ್ಲುತ್ತವೆ. ಆದರೆ ಕುಮಾರವ್ಯಾಸನ ಮಾತು ಪಾದದ ಗಡಿಯನ್ನು ಲೆಕ್ಕಿಸುವುದಿಲ್ಲ. ಒಂದು ಪಾದದಲ್ಲಿ ಮೊದಲಾದ ಪದವು ಎಷ್ಟೋ ಸಲ ಮುಂದಿನ ಪಾದದಲ್ಲಿ ಮುಗಿಯುತ್ತದೆ. ಪಾದ ಮುಗಿಯಿತೆಂದು ನಿಂತರೆ ಅರ್ಥ ಕತ್ತರಿಸಿಹೋಗುತ್ತದೆ, ಅರ್ಥವನ್ನೇ ಹಿಡಿದು ನಡೆದರೆ ಛಂದಸ್ಸಿನ ನಡೆ ಕುಂಟುತ್ತದೆ. ಇವೆರಡರ ನಡುವೆ ಉಸಿರನ್ನು ಎಲ್ಲಿ ಕದಿಯಬೇಕೆಂಬುದೇ ಕಾವ್ಯವನ್ನು ರಾಗವಾಗಿ ಓದುವ ಗಮಕಿಯ ವಿದ್ಯೆ. ಪಳಗಿದ ಗಮಕಿಯ ಕಂಠದಲ್ಲಿ ಕೇಳಿದಾಗ, ಪುಟದ ಮೇಲೆ ಕಗ್ಗಂಟಾಗಿ ತೋರಿದ ಪದ್ಯ ತಾನಾಗಿ ಬಿಡಿಸಿಕೊಳ್ಳುವ ಬೆರಗನ್ನು ನಾನು ಮತ್ತೆ ಮತ್ತೆ ಅನುಭವಿಸಿದ್ದೇನೆ.

ಹೀಗೆ ಕೂಡಿ ಓದುವ ನಮ್ಮ ಗೋಷ್ಠಿ ಈಗ ಸೇರುವುದು ಶನಿವಾರದ ಸಂಜೆ, ಗಣಕದ ಪರದೆಯ ಮೇಲೆ. ಮಂಡ್ಯದ ನಿವೃತ್ತ ಅಧ್ಯಾಪಕರಿಗೆ ದೀಪ ಹಚ್ಚುವ ಹೊತ್ತಾದಾಗ ನ್ಯೂಜೆರ್ಸಿಯ ತರುಣಿಗೆ ಬೆಳಗಿನ ಕಾಫಿಯ ಹೊತ್ತು. ಕುವೆಂಪು ಮತ್ತು ಮಾಸ್ತಿಯವರು ಸಂಪಾದಿಸಿದ 1958ರ ಮುದ್ರಣ ಕೆಲವರ ಕೈಯಲ್ಲಿದ್ದರೆ, ಮಿಕ್ಕವರು ವಿಕಿಸೋರ್ಸ್‌ನಲ್ಲಿ ಯಾರಿಗೂ ಉಚಿತವಾಗಿ ದೊರೆಯುವ ಪಾಠವನ್ನು ತೆರೆದಿಟ್ಟುಕೊಳ್ಳುತ್ತಾರೆ. ತುಂಗೆಯ ದಡದ ಹೊಸಹಳ್ಳಿಯ ಗಮಕಿ ಎಚ್. ಆರ್. ಕೇಶವಮೂರ್ತಿಗಳಿಗೆ 2022ರಲ್ಲಿ ಪದ್ಮಶ್ರೀ ಸಂದಾಗ ಗಮಕವೆಂದರೇನೆಂದು ಕೇಳಿದವರು ಅನೇಕರು. ಇಂದು ಯೂಟ್ಯೂಬಿನಲ್ಲಿ ಗಮಕಿಗಳ ವಾಚನಗಳು ಬೇಕಾದಷ್ಟಿವೆ, ಮನಸ್ಸು ಮಾತ್ರ ಬೇಕು.

ಸಂಗೀತಗಾರರು ಪರದೆಯ ಮೇಲೆ ಕೂಡಿ ಹಾಡಲಾರರು, ಏಕೆಂದರೆ ಧ್ವನಿ ಒಂದೆಡೆಯಿಂದ ಇನ್ನೊಂದೆಡೆಗೆ ತಲುಪುವಷ್ಟರಲ್ಲಿ ತಾಳ ತಪ್ಪುತ್ತದೆ. ಗಮಕಕ್ಕೆ ಈ ತೊಡಕಿಲ್ಲ. ಅದಕ್ಕೆ ತಾಳದ ಕಟ್ಟಿಲ್ಲ, ಮೃದಂಗದ ಹಂಗಿಲ್ಲ. ಒಬ್ಬರು ಓದುವಾಗ ಉಳಿದವರೆಲ್ಲ ಕೇಳುವುದೇ ಅದರ ಧರ್ಮ. ದೂರವನ್ನು ಇಷ್ಟು ಸಲೀಸಾಗಿ ದಾಟಬಲ್ಲ ಕಲೆ ನಮ್ಮಲ್ಲಿ ಇನ್ನೊಂದಿರಲಾರದೆಂದು ನಾನು ನಂಬಿದ್ದೇನೆ. ಮಾಡಬೇಕಾದುದೊಂದುಂಟು: ಗದ್ದಲವನ್ನು ತಗ್ಗಿಸುವ ಗಣಕದ ವ್ಯವಸ್ಥೆಯನ್ನು ಮೊದಲೇ ನಿಲ್ಲಿಸಿಬಿಡಬೇಕು, ಇಲ್ಲವಾದರೆ ಅದು ಶ್ರುತಿಯ ಏಕನಾದವನ್ನೂ ಗದ್ದಲವೆಂದೇ ಬಗೆದು ನುಂಗಿಹಾಕುತ್ತದೆ.

ಈಚೆಗೆ ನಾವು ಉದ್ಯೋಗಪರ್ವವನ್ನು ಓದುತ್ತಿದ್ದೆವು. ಸಂಧಾನ ಮುರಿದ ಬಳಿಕ ಕೃಷ್ಣನು ಕರ್ಣನನ್ನು ರಥದಲ್ಲಿ ತನಗೆ ಒತ್ತಿಕೊಂಡಂತೆ ಕುಳ್ಳಿರಿಸಿಕೊಂಡು ಅವನ ಜನ್ಮದ ಗುಟ್ಟನ್ನು ಹೇಳುವ ಪ್ರಸಂಗವದು. ಅಧ್ಯಾಪಕರು ಕೃಷ್ಣನ ಮಾತುಗಳನ್ನು ಆನಂದಭೈರವಿಯಲ್ಲಿ ಓದಿದರು.

“ಮೇಷ್ಟ್ರೇ, ಕೃಷ್ಣ ಇಲ್ಲಿ ಮೋಸಗಾರನ ಹಾಗೆ ಕೇಳಿಸಬಾರದು, ಅಲ್ಲವೇ?” ಎಂದು ನ್ಯೂಜೆರ್ಸಿಯಿಂದ ಪ್ರಶ್ನೆ ಬಂದಿತು.

“ಕೇಳಿಸಬಾರದಮ್ಮಾ. ಭೇದೋಪಾಯ ನಿಜ, ಅಕ್ಕರೆಯೂ ನಿಜ. ಬರಿಯ ಮೋಸವಾಗಿದ್ದರೆ ಕರ್ಣ ನಕ್ಕು ಇಳಿದುಹೋಗುತ್ತಿದ್ದ.”

ತನ್ನ ಕುಲವಾವುದೆಂದು ತಿಳಿದ ಗಳಿಗೆಯಲ್ಲಿ ಕರ್ಣನ ಕೊರಳು ಬಿಗಿದು ಕಣ್ಣೀರು ಉಕ್ಕುತ್ತದೆ. ಆದರೆ ಆ ಕಣ್ಣೀರಿನ ಬೆನ್ನಿಗೇ ಅವನ ಮನಸ್ಸಿಗೆ ಬರುವ ಚಿಂತೆ ತನ್ನದಲ್ಲ, ದುರ್ಯೋಧನನಿಗೆ ಕೇಡಾಯಿತಲ್ಲಾ ಎಂಬುದು. ಅದನ್ನು ಮುಖಾರಿಯಲ್ಲಿ ಓದುತ್ತ, ಅಳುವಿಗೂ ಆ ಚಿಂತೆಗೂ ನಡುವೆ ಅವರು ಒಂದು ಕ್ಷಣ ಸುಮ್ಮನಾದರು. ಹಿಂದೆ ನಾನೊಬ್ಬನೇ ಓದಿದಾಗಲೆಲ್ಲ ಕಣ್ಣು ಆ ಪದ್ಯವನ್ನು ದಾಟಿ ಓಡಿತ್ತು. ಆ ಮೌನ ನಿಲ್ಲಿಸಿದಾಗಲಷ್ಟೇ ಕರ್ಣನ ಇಡೀ ಬಾಳು ಆ ಒಂದು ಷಟ್ಪದಿಯಲ್ಲಿ ಅಡಗಿರುವುದು ಕಂಡಿತು. ಅಂದು ಮುಂದಿನ ಪದ್ಯಕ್ಕೆ ಹೋಗಲು ಯಾರೂ ಅವಸರಿಸಲಿಲ್ಲ. ಅದನ್ನೇ ಮತ್ತೆ ಓದಿಸಿ ಕೇಳಿದೆವು.

ಗದಾಪರ್ವ ಮುಗಿದ ಮೇಲೆ ದೇವನೂರಿನ ಲಕ್ಷ್ಮೀಶನನ್ನು ಹಿಡಿಯುವುದೆಂದು ಈಗಾಗಲೇ ಗೊತ್ತಾಗಿದೆ. ಜೈಮಿನಿ ಭಾರತದ ವಾರ್ಧಕ ಷಟ್ಪದಿಯ ದೊಡ್ಡ ಪಾದಗಳಲ್ಲಿ 32 ಮಾತ್ರೆಗಳು. ಅಷ್ಟು ನೀಳವಾದ ಓಟಕ್ಕೆ ಉಸಿರು ಸಾಲಬೇಕೆಂದು ನ್ಯೂಜೆರ್ಸಿಯ ತರುಣಿ ಚಂದ್ರಹಾಸನ ಕಥೆಯನ್ನು ತೆಗೆದುಕೊಂಡು ಈಗಿನಿಂದಲೇ ಅಭ್ಯಾಸಕ್ಕೆ ತೊಡಗಿದ್ದಾಳೆ.